ನೆತ್ತರಿನ ಮದ್ದು ಮಿದುಳಿಗೆಷ್ಟು?

ಗುಳಿಗೆಗೆ ಕನ್ನಡದಲ್ಲಿ ‘ಮಾತ್ರೆ’ ಎಂಬ ಹೆಸರು ಬಹುಕಾಲದಿಂದ ಬಳಕೆಯಲ್ಲಿದೆ. ಸಂಸ್ಕೃತದಲ್ಲಿ ‘ಮಾತ್ರಾ’ ಎಂದರೆ ಅಳತೆ. ಛಂದಸ್ಸಿನಲ್ಲಿ ಅಕ್ಷರದ ಉಚ್ಚಾರಕಾಲವನ್ನು ಅಳೆಯುವುದಕ್ಕೂ ವೈದ್ಯದಲ್ಲಿ ಮದ್ದಿನ ಪ್ರಮಾಣವನ್ನು ಅಳೆಯುವುದಕ್ಕೂ ಈ ಒಂದೇ ಶಬ್ದವು ಸಲ್ಲುತ್ತದೆ. ಅಳತೆ ತಪ್ಪಿದ ಪದ್ಯವು ಕಿವಿಗೆ ಮಾತ್ರ ಕೆಡುಕು. ಅಳತೆ ತಪ್ಪಿದ ಮದ್ದು ಪ್ರಾಣಕ್ಕೇ ಕೆಡುಕು. ಆದರೆ ಈ ಅಳತೆಯನ್ನು ಮಾಡಬೇಕಾದುದೆಲ್ಲಿ? ತಕ್ಕಡಿಯಲ್ಲಿಯೆ, ನೆತ್ತರಿನಲ್ಲಿಯೆ, ಅಥವಾ ರೋಗವು ಮನೆಮಾಡಿಕೊಂಡಿರುವ ಅಂಗದಲ್ಲಿಯೆ? ಮಿಕ್ಕ ಅಂಗಗಳ ವಿಷಯದಲ್ಲಿ ಈ ಪ್ರಶ್ನೆಯು ನಮ್ಮನ್ನು ಅಷ್ಟಾಗಿ ಬಾಧಿಸದು. ಮಿದುಳಿನ ವಿಷಯದಲ್ಲಾದರೋ ಎಲ್ಲವೂ ಇದನ್ನೇ ಅವಲಂಬಿಸಿರುವುದು.

ಇದು ಪಂಡಿತರ ಒಣಚರ್ಚೆಯಲ್ಲ. ಸಂಸಾರಸ್ಥರ ಮನೆಬಾಗಿಲಿಗೆ ಬರತಕ್ಕ ಮಾತು. ಒಂದೇ ಬೀದಿಯಲ್ಲಿ ಒಬ್ಬನಿಗೆ ಶ್ವಾಸಕೋಶದ ಕ್ಷಯವೂ ಮತ್ತೊಬ್ಬನಿಗೆ ಮಿದುಳುಪೊರೆಯ ಕ್ಷಯವೂ ತಗುಲಿತೆನ್ನಿ. ಮೊದಲಿನವನಿಗೆ ಸಾಮಾನ್ಯವಾಗಿ ಆರು ತಿಂಗಳ ಮದ್ದು ಸಾಕಾಗುವುದು. ಎರಡನೆಯವನಿಗೆ ಒಂಬತ್ತರಿಂದ ಹನ್ನೆರಡು ತಿಂಗಳವರೆಗೆ ಕೊಡುವರು. ಮೊದಲಿಗೆ ಬೆನ್ನಿನಿಂದ ನೀರು ತೆಗೆದು ನೋಡಬೇಕೆಂದೂ ಹೇಳುವರು. ಆಗ ಮನೆಯ ಹಿರಿಯರು ತಮ್ಮತಮ್ಮಲ್ಲಿ ಆಡಿಕೊಳ್ಳುವುದುಂಟು: “ಆತನಿಗೆ ಆರು ತಿಂಗಳಿಗೆ ಮುಗಿಯಿತು, ನಮ್ಮ ಹುಡುಗನಿಗೇಕೆ ಇಷ್ಟು? ನೆತ್ತರು ಪರೀಕ್ಷೆ ಮಾಡಿದ್ದಾಯಿತಲ್ಲ, ಬೆನ್ನಿಗೆ ಸೂಜಿಯೇಕೆ?” ಈ ಎರಡು ಪ್ರಶ್ನೆಗಳಿಗೂ ಉತ್ತರವೊಂದೇ. ನೆತ್ತರಿನಲ್ಲಿರುವ ಮದ್ದೆಲ್ಲವೂ ಮಿದುಳಿಗೆ ತಲಪುವುದಿಲ್ಲ.

ಈ ಸಂಗತಿಯು ಮೊದಲು ಗೋಚರವಾದುದು ಮದ್ದಿನಿಂದಲ್ಲ, ಬಣ್ಣದಿಂದ. ಜರ್ಮನಿಯ ಪಾಲ್ ಎರ್ಲಿಖ್ ಎಂಬ ವಿದ್ವಾಂಸನು ೧೮೮೫ರಲ್ಲಿ ಪ್ರಾಣಿಗಳ ನೆತ್ತರಿಗೆ ಕೆಲವು ಬಣ್ಣಗಳನ್ನು ಸೇರಿಸಿ ನೋಡಿದನು. ಮಿಕ್ಕ ಅಂಗಗಳೆಲ್ಲ ಬಣ್ಣವೇರಿದುವು. ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಮಿದುಳಿಗೆ ಆ ಬಣ್ಣವನ್ನು ಹಿಡಿದುಕೊಳ್ಳುವ ಗುಣವಿಲ್ಲವೆಂದು ಆತನು ತರ್ಕಿಸಿದನು. ಆತನ ಶಿಷ್ಯನಾದ ಎಡ್ವಿನ್ ಗೋಲ್ಡ್‌ಮನ್ ೧೯೧೩ರಲ್ಲಿ ಅದೇ ಪ್ರಯೋಗವನ್ನು ತಿರುವಿಹಾಕಿದನು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿಕೊಂಡಿರುವ ತಿಳಿನೀರಿಗೇ ನೀಲಿಯನ್ನು ಸೇರಿಸಲು, ಮಿದುಳು ನೀಲಿಯಾಯಿತು. ಮಿಕ್ಕ ಅಂಗಗಳು ಬಣ್ಣವೇರಲಿಲ್ಲ. ಎಂದಮೇಲೆ ಮಿದುಳಿಗೆ ಬಣ್ಣವನ್ನು ಹಿಡಿಯುವ ಶಕ್ತಿಯುಂಟು. ನೆತ್ತರಿಗೂ ಅದಕ್ಕೂ ನಡುವೆ ಏನೋ ಒಂದು ಗೋಡೆಯಿದೆ ಎಂದಾಯಿತು. ಆ ಗೋಡೆಯು ಎಲ್ಲಿದೆಯೆಂಬುದು ೧೯೬೭ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಸ್ಪಷ್ಟವಾಯಿತು. ಮಿದುಳಿನ ಕಿರುನಾಳಗಳ ಒಳಮೈಯನ್ನು ಹಾಸಿರುವ ಜೀವಕಣಗಳು, ಗಾರೆಯಿಟ್ಟು ಕಟ್ಟಿದ ಕಲ್ಲುಗಳಂತೆ, ಸಂದಿಲ್ಲದೆ ಒಂದಕ್ಕೊಂದು ಬೆಸೆದುಕೊಂಡಿವೆ. ಈ ಕಿರುನಾಳಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ೬೦೦ ಕಿಲೋಮೀಟರಿನಷ್ಟಾಗುವುದೆಂದು ಅಂದಾಜು. ಹೆಚ್ಚುಕಡಿಮೆ ಬೆಂಗಳೂರಿನಿಂದ ಕಲಬುರಗಿಯವರೆಗಿನ ದಾರಿ. ಅಷ್ಟುದ್ದಕ್ಕೂ ಕಾವಲಿದೆ. ಪ್ರಾಣವಾಯು ಸರಾಗವಾಗಿ ಒಳಹೋಗುವುದು. ಸಕ್ಕರೆಗೆ ತಕ್ಕ ಬಾಗಿಲುಂಟು. ಅಪರಿಚಿತ ಪದಾರ್ಥಗಳಲ್ಲಿ ಬಹುಪಾಲಿಗೆ ಪ್ರವೇಶವಿಲ್ಲ. ವಿಷವನ್ನು ತಡೆಯುವ ಈ ಏರ್ಪಾಡೇ ಮದ್ದನ್ನೂ ತಡೆಯುವುದು.

ಎಷ್ಟು ತಡೆಯುವುದೆಂಬುದನ್ನು ಅಳೆಯುವ ಬಗೆ ಹೇಗೆ? ಕೆರೆಯ ಕೆಳಗಿನ ಬೇಸಾಯವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹೇರೋಹಳ್ಳಿಯಲ್ಲಿ ಈಗ ಗದ್ದೆಗಳಿಗಿಂತ ಮನೆಗಳೇ ಹೆಚ್ಚು. ಆದರೂ ಕೆರೆಯೆಂದರೇನು, ತೂಬೆಂದರೇನು ಎಂಬುದನ್ನು ಹಳಬರು ಮರೆತಿಲ್ಲ. ಕೆರೆಯೇ ನೆತ್ತರು, ಗದ್ದೆಯೇ ಮಿದುಳು, ತೂಬೇ ಆ ಗೋಡೆಯಲ್ಲಿನ ದಾರಿಯೆಂದು ಭಾವಿಸೋಣ. ಕೆರೆ ತುಂಬಿದ ಮಾತ್ರಕ್ಕೆ ಪೈರು ನೆನೆಯಿತೆನ್ನಲಾಗದು. ಮೊದಲನೆಯದಾಗಿ, ತೂಬಿನಲ್ಲಿ ನೀರು ಎಷ್ಟು ಬೇಗ ಹರಿಯುವುದೆಂಬುದನ್ನು ನೋಡಬೇಕು. ಇದು ವೇಗದ ಅಳತೆ. ಎರಡನೆಯದಾಗಿ, ಬಹಳ ಹೊತ್ತು ಹರಿದಮೇಲೆ ಗದ್ದೆಯಲ್ಲಿ ಎಷ್ಟು ನೀರು ನಿಂತಿದೆಯೆಂಬುದನ್ನು ನೋಡಬೇಕು. ಇದು ಪ್ರಮಾಣದ ಅಳತೆ. ಇವೆರಡೂ ಬೇರೆಬೇರೆ. ಸಣ್ಣ ತೂಬಿನಿಂದಲೂ ಹೊತ್ತು ಹಿಡಿದು ಗದ್ದೆ ತುಂಬಬಹುದು. ದೊಡ್ಡ ತೂಬಿದ್ದರೂ, ಗದ್ದೆಯ ಬದುವಿನಲ್ಲಿ ಯಾರೋ ಏತ ಹೂಡಿ ನೀರನ್ನು ಮರಳಿ ಕೆರೆಗೇ ಎತ್ತಿಹಾಕುತ್ತಿದ್ದರೆ ಪೈರು ಒಣಗಬಹುದು.

ಏತದ ಮಾತನ್ನು ಅಲಂಕಾರಕ್ಕಾಗಿ ಹೇಳಲಿಲ್ಲ. ಗೋಡೆಯ ಜೀವಕಣಗಳಲ್ಲಿ ಅಂಥ ಏತಗಳು ನಿಜವಾಗಿಯೂ ಇವೆ. ಅವುಗಳಲ್ಲಿ ಹೆಸರಾದುದು ಪಿ-ಗ್ಲೈಕೋಪ್ರೋಟೀನು. ಹಾಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಈ ಏತವಿಲ್ಲದಂತೆ ಹುಟ್ಟಿಸಿದ ಇಲಿಗಳನ್ನು ಸಾಕಿದ್ದರು. ಮೈಮೇಲಿನ ಹುಳುವನ್ನು ಕಳೆಯಲು ಐವರ್‌ಮೆಕ್ಟಿನ್ ಎಂಬ ಮದ್ದನ್ನು ಬಳಸಿದಾಗ, ಬೇರೆ ಇಲಿಗಳಿಗೆ ನಿರಪಾಯವಾದ ಅದೇ ಮದ್ದಿನಿಂದ ಇವು ಸತ್ತುವು. ಪರೀಕ್ಷಿಸಿ ನೋಡಲು, ಇವುಗಳ ಮಿದುಳಿನಲ್ಲಿ ಆ ಮದ್ದು ಹತ್ತಾರು ಪಟ್ಟು ಹೆಚ್ಚಾಗಿ ಸೇರಿತ್ತು. ೧೯೯೪ರಲ್ಲಿ ಪ್ರಕಟವಾದ ಈ ವೃತ್ತಾಂತದಿಂದ, ಕಾವಲು ಬರಿಯ ಗೋಡೆಯಲ್ಲ, ಒಳಬಂದುದನ್ನು ಹೊರದೂಡುವ ಆಳುಗಳೂ ಅಲ್ಲುಂಟೆಂಬುದು ದೃಢವಾಯಿತು.

ವೇಗವನ್ನು ಅಳೆಯುವ ಸುಲಭವಾದೊಂದು ಕ್ರಮವನ್ನು ಅಮೆರಿಕದ ವಿಲಿಯಂ ಓಲ್ಡೆನ್‌ಡಾರ್ಫ್ ೧೯೭೦ರಲ್ಲಿ ತೋರಿಸಿಕೊಟ್ಟನು. ವಿಕಿರಣದ ಗುರುತು ಹಚ್ಚಿದ ಮದ್ದನ್ನೂ ಬೇರೊಂದು ಗುರುತು ಹಚ್ಚಿದ ನೀರನ್ನೂ ಒಟ್ಟಿಗೆ ಇಲಿಯ ಕೊರಳಿನ ರಕ್ತನಾಳಕ್ಕೆ ಸೇರಿಸಿ, ೧೫ ಸೆಕೆಂಡುಗಳಲ್ಲಿ ಮಿದುಳನ್ನು ತೆಗೆದು ಎರಡನ್ನೂ ಎಣಿಸುವುದು. ನೀರು ಸರಾಗವಾಗಿ ದಾಟುವ ಪದಾರ್ಥವಾದುದರಿಂದ ಅದೇ ಒರೆಗಲ್ಲು. ಅದಕ್ಕೆ ಹೋಲಿಸಿದರೆ ಮದ್ದು ಎಷ್ಟು ದಾಟಿತೆಂಬುದು ತಿಳಿಯುವುದು. ಪ್ರಮಾಣವನ್ನು ಅಳೆಯಲು, ಕೂದಲಿನಷ್ಟು ಸಣ್ಣ ಕೊಳವೆಯನ್ನು ಪ್ರಾಣಿಯ ಮಿದುಳಿನಲ್ಲಿರಿಸಿ, ಅಲ್ಲಿನ ದ್ರವದಲ್ಲಿರುವ ಮದ್ದನ್ನು ಗಂಟೆಗಂಟೆಗೂ ಪರೀಕ್ಷಿಸುವರು. ಇಲ್ಲಿ ಒಂದು ಎಚ್ಚರವಿರಬೇಕು. ನೆತ್ತರಿನಲ್ಲಿ ಮದ್ದಿನ ಒಂದು ಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುವುದು. ಅಂಟಿಕೊಂಡುದು ಗೋಡೆಯನ್ನು ದಾಟದು, ಕೆಲಸವನ್ನೂ ಮಾಡದು. ಆದುದರಿಂದ ಎರಡು ಕಡೆಯಲ್ಲಿಯೂ ಬಿಡಿಯಾಗಿರುವ ಪಾಲನ್ನೇ ಹೋಲಿಸಬೇಕು. ಈ ಹೋಲಿಕೆಯಲ್ಲಿ ಒಂದಕ್ಕೆ ಒಂದು ಬಂದರೆ ಮದ್ದು ಅಡ್ಡಿಯಿಲ್ಲದೆ ಸಮನಾಗಿ ಹಂಚಿದೆಯೆಂದೂ, ಒಂದಕ್ಕಿಂತ ಬಹಳ ಕಡಮೆ ಬಂದರೆ ಏತವು ಹೊರಗೆಳೆಯುತ್ತಿದೆಯೆಂದೂ, ಒಂದನ್ನು ಮೀರಿದರೆ ಮದ್ದನ್ನು ಯಾವುದೋ ಬಾಗಿಲು ಒಳಸೆಳೆಯುತ್ತಿದೆಯೆಂದೂ ಸಾಮಾನ್ಯವಾಗಿ ಊಹಿಸುವರು.

ಮನುಷ್ಯರಲ್ಲಿ ಹೀಗೆ ಮಿದುಳಿಗೆ ಕೊಳವೆಯಿಡುವುದು ಅಪರೂಪದ ಸಂದರ್ಭಗಳಲ್ಲಲ್ಲದೆ ಸಲ್ಲದು. ಅದಕ್ಕಾಗಿಯೇ ಬೆನ್ನಿನ ನೀರು. ೧೮೯೧ರಲ್ಲಿ ಜರ್ಮನಿಯ ಹೈನ್ರಿಖ್ ಕ್ವಿಂಕೆ ರೂಢಿಗೆ ತಂದ ಈ ಕ್ರಮದಲ್ಲಿ, ಸೊಂಟದ ಬಳಿ ಬೆನ್ನೆಲುಬಿನ ಸಂದಿನಲ್ಲಿ ಸಣ್ಣ ಸೂಜಿಯನ್ನಿಟ್ಟು ಆ ತಿಳಿನೀರನ್ನು ತೊಟ್ಟುತೊಟ್ಟಾಗಿ ಸಂಗ್ರಹಿಸುವರು. ದೊಡ್ಡವರಲ್ಲಿ ಈ ನೀರು ಸುಮಾರು ೧೫೦ ಮಿಲಿಲೀಟರಿನಷ್ಟಿದ್ದು, ದಿನವೊಂದಕ್ಕೆ ಸುಮಾರು ೫೦೦ ಮಿಲಿಲೀಟರಿನಷ್ಟು ಹೊಸದಾಗಿ ಉತ್ಪತ್ತಿಯಾಗುತ್ತದೆ. ತೆಗೆದುದು ಬೇಗನೆ ತುಂಬಿಕೊಳ್ಳುವುದು. ಸೂಜಿ ಚುಚ್ಚುವ ಜಾಗಕ್ಕಿಂತ ಮೇಲೆಯೇ ಬೆನ್ನುಹುರಿಯು ಮುಗಿದಿರುವುದರಿಂದ, ಹುರಿಗೆ ಪೆಟ್ಟಾಗಿ ಕಾಲು ಬೀಳುವುದೆಂಬ ಭೀತಿಗೆ ಆಧಾರವಿಲ್ಲ. ಒಂದೆರಡು ದಿನ ತಲೆನೋವು ಬರಬಹುದು. ತಲೆಯೊಳಗೆ ಒತ್ತಡವು ಹೆಚ್ಚಿರುವ ಶಂಕೆಯಿದ್ದರೆ ವೈದ್ಯರೇ ಮುಂಚಿತವಾಗಿ ಸ್ಕ್ಯಾನ್ ಮಾಡಿಸಿ, ಸೂಜಿಯಿಡಬಹುದೆ ಕೂಡದೆ ಎಂಬುದನ್ನು ನಿಶ್ಚಯಿಸುವರು. ಇಷ್ಟಾದರೂ ಬೆನ್ನಿನ ನೀರು ಗದ್ದೆಯ ಪಕ್ಕದ ಕಾಲುವೆಯ ನೀರೇ ಹೊರತು ಗದ್ದೆಯ ನೀರಲ್ಲ. ಅದು ಹುಟ್ಟುವ ಎಡೆಯೂ ಅಲ್ಲಿನ ಕಾವಲೂ ಬೇರೆ. ಆದಕಾರಣ ಅದರ ಅಳತೆಯಿಂದ ಮಿದುಳಿನ ಸ್ಥಿತಿಯನ್ನು ಅನುಮಾನಿಸಬಹುದು, ಪ್ರತ್ಯಕ್ಷವೆಂದು ಸಾಧಿಸಬಾರದು.

ಈಗ ಕ್ಷಯದ ಪ್ರಸ್ತಾಪಕ್ಕೆ ಬರೋಣ. ನಮ್ಮ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯು, ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಒಂದಾಗಿ ರೂಪುಗೊಂಡುದು. ಕರ್ನಾಟಕದಿಂದಲೂ ನೆರೆಯ ಸೀಮೆಗಳಿಂದಲೂ ಮಿದುಳುಪೊರೆಯ ಕ್ಷಯದ ರೋಗಿಗಳು ದಶಕಗಳಿಂದ ಅಲ್ಲಿಗೆ ಬರುತ್ತಿದ್ದಾರೆ. ಹಿಂದೆ ಈ ರೋಗವು ತಗುಲಿದವರು ಉಳಿಯುತ್ತಲೇ ಇರಲಿಲ್ಲವೆನ್ನಬಹುದು. ೧೯೪೦ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದಾಗ ಆಶೆ ಚಿಗುರಿತು. ಆದರೆ ಅದು ನೆತ್ತರಿನಿಂದ ತಿಳಿನೀರಿಗೆ ಬಹಳ ಕಡಮೆಯಾಗಿ ದಾಟುವುದರಿಂದ, ಆ ಕಾಲದ ವೈದ್ಯರು ಬೆನ್ನಿನ ಮೂಲಕವೇ ಮದ್ದನ್ನು ಮತ್ತೆಮತ್ತೆ ಸೇರಿಸುತ್ತಿದ್ದರು. ೧೯೫೨ರಲ್ಲಿ ಬಳಕೆಗೆ ಬಂದ ಐಸೋನಿಯಜಿಡ್ ಬಾಯಿಂದ ನುಂಗಿದರೂ ಸರಾಗವಾಗಿ ದಾಟುವುದು. ಆ ಕಷ್ಟವು ತಪ್ಪಿತು. ಅಳತೆಮಾಡಿ ನೋಡಿದವರು ಕೊಡುವ ಲೆಕ್ಕ ಹೀಗಿದೆ. ನೆತ್ತರಿನಲ್ಲಿರುವುದನ್ನು ೧೦೦ ಎಂದಿಟ್ಟುಕೊಂಡರೆ, ತಿಳಿನೀರಿನಲ್ಲಿ ಐಸೋನಿಯಜಿಡ್ ೮೦ರಿಂದ ೯೦, ಪೈರಜಿನಮೈಡ್ ೯೦ರಿಂದ ೧೦೦, ಎಥಾಂಬುಟಾಲ್ ೨೦ರಿಂದ ೩೦, ರಿಫಾಂಪಿಸಿನ್ ಮತ್ತು ಸ್ಟ್ರೆಪ್ಟೊಮೈಸಿನ್ ೧೦ರಿಂದ ೨೦. ಶ್ವಾಸಕೋಶದಲ್ಲಿ ನಾಲ್ಕು ಎತ್ತುಗಳೂ ಎಳೆಯುವ ಗಾಡಿಯನ್ನು ಇಲ್ಲಿ ಮುಖ್ಯವಾಗಿ ಎರಡೇ ಎಳೆಯಬೇಕು. ಮದ್ದಿನ ಅವಧಿಯನ್ನು ಹೆಚ್ಚಿಸಲು ಇದೂ ಒಂದು ಕಾರಣ.

ರಿಫಾಂಪಿಸಿನ್ನಿನ ಅಂಕಿಯನ್ನು ಓದುವಾಗ ಮೇಲೆ ಹೇಳಿದ ಎಚ್ಚರವನ್ನು ನೆನೆಯಬೇಕು. ನೆತ್ತರಿನಲ್ಲಿ ಅದರ ೧೦೦ರಲ್ಲಿ ಸುಮಾರು ೮೦ ಪಾಲು ಪ್ರೋಟೀನಿಗೆ ಅಂಟಿಕೊಂಡಿರುವುದು. ಬಿಡಿಯಾಗಿರುವುದು ೨೦, ತಿಳಿನೀರಿಗೆ ಬಂದುದು ೧೦ರಿಂದ ೨೦. ಎಂದರೆ ಅದು ದಾಟಲಾರದುದೆಂಬ ಅಪವಾದವು ಸಂಪೂರ್ಣವಾಗಿ ನ್ಯಾಯವಾದುದಲ್ಲ. ಆದರೂ ಕೈಗೆ ಸಿಕ್ಕ ಮೊತ್ತ ಅಲ್ಪವೇ. ಹಾಗಾದರೆ ಹೆಚ್ಚಾಗಿ ಕೊಡಬಾರದೆ? ಇಂಡೊನೇಷ್ಯದಲ್ಲಿ ೬೦ ರೋಗಿಗಳಲ್ಲಿ ಹೀಗೆಯೇ ಮಾಡಿ ನೋಡಿದರು. ರಿಫಾಂಪಿಸಿನ್ನನ್ನು ಹೆಚ್ಚಿಸಿ ನೆತ್ತರಿಗೇ ಕೊಟ್ಟವರಲ್ಲಿ ಆರು ತಿಂಗಳೊಳಗಿನ ಮರಣವು ನೂರಕ್ಕೆ ೩೫, ಮಿಕ್ಕವರಲ್ಲಿ ೬೫ ಎಂದು ೨೦೧೩ರಲ್ಲಿ ಪ್ರಕಟವಾಯಿತು. ಆದರೆ ವಿಯೆಟ್ನಾಮಿನಲ್ಲಿ ೮೧೭ ರೋಗಿಗಳಲ್ಲಿ, ಬಾಯಿಂದ ಕೊಡುವ ಪ್ರಮಾಣವನ್ನು ಹೆಚ್ಚಿಸಿ ಮತ್ತೊಂದು ಮದ್ದನ್ನೂ ಕೂಡಿಸಿ ನಡೆಸಿದ ಪರೀಕ್ಷೆಯಲ್ಲಿ ಎರಡು ಗುಂಪಿನವರಿಗೂ ಭೇದವೇ ಕಾಣಲಿಲ್ಲವೆಂದು ೨೦೧೬ರಲ್ಲಿ ತಿಳಿದುಬಂದಿತು. ಅಳತೆಯು ದಾರಿಯನ್ನು ತೋರಿಸುವುದು. ಫಲವನ್ನು ರೋಗಿಯಲ್ಲಿಯೇ ನೋಡಬೇಕು. ಹಾಗೆಂದು, ತಾನೇ ಎರಡರಷ್ಟು ನುಂಗಿದರೆ ಬೇಗ ಗುಣವಾಗುವುದೆಂದು ಯಾರೂ ತಿಳಿಯಬಾರದು. ಗೋಡೆಯ ಹೊರಗುಳಿದ ಮದ್ದು ಯಕೃತ್ತಿಗೆ ಹಾನಿಮಾಡಬಲ್ಲುದು.

ಇನ್ನೊಂದು ವಿಚಿತ್ರವಿದೆ. ಮಿದುಳುಪೊರೆಯು ಕೀವಿನಿಂದ ಊದಿಕೊಂಡಿರುವಾಗ ಕಾವಲು ಸಡಿಲವಾಗುವುದು. ಪೆನಿಸಿಲಿನ್ ಮುಂತಾದ ಮದ್ದುಗಳು ಆಗಲೇ ಹೆಚ್ಚಾಗಿ ಒಳಹೋಗುವುವು. ಊತವು ಇಳಿಯುತ್ತ ಬಂದಂತೆ ಗೋಡೆಯು ಮತ್ತೆ ಬಿಗಿಯಾಗಿ, ಒಳಹೋಗುವ ಮದ್ದು ಕಡಮೆಯಾಗುವುದು. ಆದುದರಿಂದ “ಮಗುವಿಗೆ ಜ್ವರ ಬಿಟ್ಟಿತು, ಇನ್ನು ಸೂಜಿಮದ್ದು ಅರ್ಧ ಸಾಕು” ಎನ್ನುವ ಕರುಣೆಯು ಕರುಣೆಯಲ್ಲ. ರೋಗಿಯು ಚೇತರಿಸಿಕೊಳ್ಳುತ್ತಿರುವಾಗಲೇ ಮೊದಲಿನ ಪ್ರಮಾಣವು ಅತ್ಯವಶ್ಯಕವಾದುದು.

ಬಾಗಿಲನ್ನು ಹುಡುಕಿ ಮದ್ದನ್ನು ದಾಟಿಸಿದ ಕಥೆಯೊಂದು ನಮ್ಮ ಬೇಲಿಯಂಚಿನ ಗಿಡಗಳಿಗೇ ಸಂಬಂಧಿಸಿದೆ. ಕಂಪವಾತದಲ್ಲಿ, ಅಂದರೆ ಪಾರ್ಕಿನ್ಸನ್ ರೋಗದಲ್ಲಿ, ಮಿದುಳಿನೊಳಗೆ ಡೋಪಮೀನ್ ಎಂಬ ದ್ರವ್ಯವು ಕುಂದುವುದು. ಅದನ್ನೇ ನೆತ್ತರಿಗೆ ಕೊಟ್ಟರೆ ಗೋಡೆಯು ಬಿಡದು. ಅದರ ಪೂರ್ವರೂಪವಾದ ಲೀವೋಡೋಪವು ಆಹಾರದ ಪ್ರೋಟೀನಿನ ಅಂಶಗಳಿಗಾಗಿ ಇಟ್ಟಿರುವ ಬಾಗಿಲಿನಿಂದ ನುಸುಳಿ, ಒಳಗೆ ಹೋಗಿ ಡೋಪಮೀನಾಗುವುದು. ಈ ಲೀವೋಡೋಪವನ್ನು ನಮ್ಮ ನಸುಗುನ್ನಿಯ ಬೀಜದಿಂದ ಬೇರ್ಪಡಿಸಿದ ವರದಿಯನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ೧೯೩೭ರಲ್ಲಿ ಪ್ರಕಟಿಸಿದರು. ಆಯುರ್ವೇದದ ಕಪಿಕಚ್ಛು ಅದೇ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ೧೯೫೭ರಲ್ಲಿ, ಸರ್ಪಗಂಧಿಯ ಸಾರವಾದ ರೆಸರ್ಪಿನ್ನಿನಿಂದ ಜಡವಾಗಿ ಬಿದ್ದಿದ್ದ ಪ್ರಾಣಿಗಳನ್ನು ಡೋಪದಿಂದ ಎಬ್ಬಿಸಿ ನಿಲ್ಲಿಸಿದನು. ೨೦೦೦ದಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡನು. ನಮ್ಮ ಪೂರ್ವಿಕರು ಈ ಗಿಡಗಳ ಗುಣವನ್ನು ಬಲ್ಲವರಾಗಿದ್ದರು. ಗೋಡೆಯನ್ನೂ ಅಳತೆಯನ್ನೂ ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಅವರಿಗೂ ಶೋಭೆಯಲ್ಲ.

ಬರಿಯ ಲೀವೋಡೋಪವನ್ನು ನುಂಗಿದರೆ ಮಾರ್ಗದಲ್ಲಿಯೇ ಅದರ ಬಹುಭಾಗವು ಮಾರ್ಪಟ್ಟು, ನೂರರಲ್ಲಿ ಒಂದೆರಡು ಪಾಲು ಮಾತ್ರ ಮಿದುಳಿಗೆ ಸೇರುವುದು. ಅದಕ್ಕಾಗಿ ಕಾರ್ಬಿಡೋಪವೆಂಬ ಜೊತೆಗಾರನನ್ನು ಕೂಡಿಸಿದರು. ಇದು ಮಾರ್ಗದ ನಷ್ಟವನ್ನು ತಡೆಯುವುದು. ತಾನು ಮಾತ್ರ ಗೋಡೆಯನ್ನು ದಾಟದು. ದಾಟದಿರುವುದೇ ಇದರ ಗುಣ. ದಾಟಿದ್ದರೆ ಒಳಗಿನ ಕೆಲಸವನ್ನೂ ಕೆಡಿಸುತ್ತಿತ್ತು. ಇದರಿಂದ ಲೀವೋಡೋಪದ ಪ್ರಮಾಣವನ್ನು ಸುಮಾರು ಮುಕ್ಕಾಲು ಪಾಲು ಇಳಿಸಬಹುದಾಯಿತು. ಬಾಗಿಲು ಒಂದೇ ಆದುದರಿಂದ, ಬೇಳೆ, ಹಾಲು, ಮೊಟ್ಟೆ, ಮಾಂಸಗಳ ಪ್ರೋಟೀನು ಅದೇ ಹೊತ್ತಿಗೆ ಬಂದು ನೂಕಿದರೆ ಮದ್ದು ಹಿಂದೆ ಬೀಳುವುದು. ಕೆಲವು ರೋಗಿಗಳಿಗೆ ಊಟಕ್ಕೆ ಮುಂಚಿತವಾಗಿಯೇ ಈ ಮಾತ್ರೆಯನ್ನು ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ನಸುಗುನ್ನಿಯ ಪುಡಿಯನ್ನು ತಾವಾಗಿಯೇ ಇದರೊಡನೆ ಕೂಡಿಸುವುದು ಸಲ್ಲದು. ಅದರಲ್ಲಿನ ಲೀವೋಡೋಪದ ಅಂಶವು ಬೀಜದಿಂದ ಬೀಜಕ್ಕೆ ಬೇರೆಯಾಗುವುದು.

ದಾಟದಿರುವುದರಿಂದ ಉಪಕಾರವಾಗುವ ನಿದರ್ಶನಗಳು ಮನೆಯ ಮದ್ದಿನ ಡಬ್ಬಿಯಲ್ಲಿಯೂ ಇವೆ. ಭೇದಿಗೆ ಕೊಡುವ ಲೊಪೆರಮೈಡ್ ಅಫೀಮಿನ ವರ್ಗದ ಕೆಲಸವನ್ನೇ ಮಾಡುವ ಪದಾರ್ಥ. ಏತವು ಅದನ್ನು ಹೊರದೂಡುವುದರಿಂದ, ಹೇಳಿದಷ್ಟೇ ತೆಗೆದುಕೊಂಡರೆ ಕರುಳಿನಲ್ಲಿ ಮಾತ್ರ ಕೆಲಸಮಾಡುವುದು. ನೆಗಡಿಗೆ ಕೊಡುವ ಹಳೆಯ ಕ್ಲೋರ್‌ಫೆನಿರಮೀನ್ ಮಿದುಳಿಗೆ ದಾಟಿ ತೂಕಡಿಕೆ ತರುವುದು. ಫೆಕ್ಸೊಫೆನಡಿನ್ ಹೆಚ್ಚುಕಡಿಮೆ ದಾಟುವುದೇ ಇಲ್ಲ. ಜಪಾನಿನ ತೊಹೋಕು ವಿಶ್ವವಿದ್ಯಾಲಯದವರು ಇದನ್ನು ಮನುಷ್ಯರಲ್ಲಿಯೇ, ತಲೆಗೆ ಕೈಹಚ್ಚದೆ, ವಿಕಿರಣದ ಚಿತ್ರಗಳಿಂದ ಅಳೆದು ತೋರಿಸಿದ್ದಾರೆ. ಮೊದಲನೆಯದನ್ನು ನುಂಗಿ ಮಾಗಡಿ ರಸ್ತೆಯಲ್ಲಿ ಸ್ಕೂಟರ್ ಓಡಿಸತಕ್ಕವರು ಈ ಅಳತೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಗದ್ದೆಗೆ ನೀರು ಬಂದಮೇಲೆಯೂ ಕಥೆ ಮುಗಿಯದು. ಮದ್ದನ್ನು ಮಾರ್ಪಡಿಸುವ ಕೆಲಸವು ಯಕೃತ್ತಿನದೆಂಬುದು ಸಾಮಾನ್ಯ ತಿಳಿವಳಿಕೆ. ನಿಮ್ಹಾನ್ಸಿನಲ್ಲಿ ಡಾಕ್ಟರ್ ವಿಜಯಲಕ್ಷ್ಮಿ ರವೀಂದ್ರನಾಥರೂ ಅವರ ಸಹೋದ್ಯೋಗಿಗಳೂ ಮನುಷ್ಯರ ಮಿದುಳಿನ ಅಂಶಗಳನ್ನು ಪರೀಕ್ಷಿಸಿ, ಯಕೃತ್ತಿನಲ್ಲಿರುವ ಸೈಟೋಕ್ರೋಮ್ ಪಿ-೪೫೦ ವರ್ಗದ ಪಾಚಕಗಳು ಮಿದುಳಿನಲ್ಲಿಯೂ ಇವೆಯೆಂದೂ, ಮನಸ್ಸಿನ ರೋಗಗಳಿಗೆ ಕೊಡುವ ಮದ್ದುಗಳನ್ನು ಅಲ್ಲಿಯೇ ಮಾರ್ಪಡಿಸಬಲ್ಲುವೆಂದೂ ತೋರಿಸಿದರು. ಅವರಿಗೆ ೧೯೯೬ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯು ಸಂದಿತು. ನೆತ್ತರಿನಲ್ಲಿ ಒಂದೇ ಪ್ರಮಾಣವಿದ್ದರೂ ಇಬ್ಬರಿಗೆ ಫಲವು ಒಂದೇ ಆಗದಿರಲು ಇದೂ ಕಾರಣವಾಗಬಹುದು. ಇಂಥ ಸಂಶೋಧನೆಗೆ ಬೇಕಾಗುವುದು ಇಲಿಯ ಮಿದುಳಲ್ಲ, ಮನುಷ್ಯನದೇ. ದುಃಖದ ನಡುವೆಯೂ ತಮ್ಮವರ ಮಿದುಳನ್ನು ದಾನಮಾಡಲೊಪ್ಪುವ ಸಂಸಾರಗಳಿಂದ ಇದು ಸಾಧ್ಯವಾಗುತ್ತದೆ. ನಿಮ್ಹಾನ್ಸಿನ ಮಿದುಳು ಭಂಡಾರವು ೧೯೯೫ರಿಂದ ಅಂಥ ದಾನವನ್ನು ಕಾಪಾಡಿಕೊಂಡು ಬಂದಿದೆ.

ಸಂಸಾರಸ್ಥರು ಇದರಿಂದ ತಿಳಿಯತಕ್ಕುದಿಷ್ಟು. ಮಿದುಳಿನ ರೋಗಕ್ಕೆ ಕೊಟ್ಟ ಮದ್ದನ್ನು ನೆರೆಮನೆಯವರ ಮದ್ದಿನೊಡನೆ ಹೋಲಿಸಬಾರದು. ತಲೆನೋವು, ವಾಂತಿ, ಬಿಡದ ಜ್ವರ, ಮಂಕು ಇವು ಕೂಡಿ ಬಂದು, ವೈದ್ಯರು ಬೆನ್ನಿನ ನೀರನ್ನು ಪರೀಕ್ಷಿಸಬೇಕೆಂದರೆ, ಬಂಧುಗಳನ್ನೆಲ್ಲ ಕರೆಸಿ ವಿಚಾರಿಸುತ್ತ ಎರಡು ದಿನ ಕಳೆಯಬಾರದು. ಈ ರೋಗದಲ್ಲಿ ಆ ಎರಡು ದಿನಗಳು ಕಣ್ಣನ್ನೊ ಕಿವಿಯನ್ನೊ ಪ್ರಾಣವನ್ನೊ ಕೊಂಡೊಯ್ಯಬಹುದು. ಮದ್ದಿನ ಕಡೆಯ ತಿಂಗಳನ್ನು ಮೊದಲ ತಿಂಗಳಿನಷ್ಟೇ ಶ್ರದ್ಧೆಯಿಂದ ನಡೆಸಬೇಕು. ಅಡಿಗೆಮನೆಯಲ್ಲಿ ಉಪ್ಪಿನ ಅಳತೆಯನ್ನು ಕಣ್ಣಂದಾಜಿನಿಂದ ಸರಿಪಡಿಸಬಲ್ಲ ತಾಯಂದಿರಿಗೂ ಈ ಅಳತೆಯಲ್ಲಿ ಕಣ್ಣಂದಾಜು ಸಲ್ಲದು.